ಶೇಕಡಾ 41 ಇದ್ದ ಬ್ಯಾಟರಿ ಆರಿದ್ದೇಕೆ?

ಬೋಧನಾಭ್ಯಾಸದ ಎರಡನೇ ವಾರ ಹತ್ತನೇ ತರಗತಿಗೆ 'ವಿದ್ಯುಚ್ಛಕ್ತಿ' ಘಟಕವನ್ನು ತೆಗೆದುಕೊಂಡಿದ್ದೆ. ವಿಭವಾಂತರವನ್ನು ಪರಿಚಯಿಸಲು ನಾನು ಬಳಸಿದ್ದು ನಮ್ಮಲ್ಲಿ ಬಹುತೇಕರ ಪಾಠಯೋಜನೆಯಲ್ಲಿರುವ ನೀರಿನ ಟ್ಯಾಂಕಿನ ಹೋಲಿಕೆಯನ್ನೇ. ಮೇಲೆ ಟ್ಯಾಂಕು, ಕೆಳಗೆ ನಲ್ಲಿ, ಮಟ್ಟದಲ್ಲಿ ವ್ಯತ್ಯಾಸವಿದ್ದರೆ ಮಾತ್ರ ಹರಿವು. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಮಕ್ಕಳು ತಲೆಯಾಡಿಸುತ್ತಿದ್ದ ಉತ್ಸಾಹದಲ್ಲಿ ಯೋಜನೆಯಲ್ಲಿಲ್ಲದ ಒಂದು ಮಾತನ್ನು ಸೇರಿಸಿಬಿಟ್ಟೆ. "ಮೊಬೈಲಿನಲ್ಲಿ ಬ್ಯಾಟರಿ 60 ಪರ್ಸೆಂಟ್ ಅಂತ ತೋರಿಸುತ್ತಲ್ಲ, ಅದೂ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ಇಣುಕಿ ನೋಡಿದ ಹಾಗೇ."

ಮೂರನೇ ಬೆಂಚಿನ ಹುಡುಗನೊಬ್ಬ ಎದ್ದುನಿಂತ. ಅದುವರೆಗೆ ತರಗತಿಯಲ್ಲಿ ಅವನ ದನಿ ಕೇಳಿರಲಿಲ್ಲ.

"ಮಿಸ್, 41 ಪರ್ಸೆಂಟ್ ಇದ್ದಾಗ ಬ್ಯಾಟರಿ ಆಫ್ ಆಗತ್ತಾ?"

"ಆಗಲ್ಲ. ಸೊನ್ನೆಗೆ ಬಂದರೆ ಆಗುತ್ತೆ. 41 ಅಂದರೆ ಹತ್ತಿರ ಹತ್ತಿರ ಅರ್ಧ ಟ್ಯಾಂಕು ಇದೆ ಅಂತ. ನೀನು ಸರಿಯಾಗಿ ನೋಡಿರಲಿಕ್ಕಿಲ್ಲ."

ಹಿಂದಿನ ಬೆಂಚಿನವರು ನಕ್ಕರು. ಹುಡುಗ ಕುಳಿತ. ನಾನು ಕಪ್ಪುಹಲಗೆಯ ಕಡೆ ತಿರುಗಿ ಓಮ್‌ನ ನಿಯಮ ಬರೆಯತೊಡಗಿದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದೇ ತರಗತಿಯ ಹುಡುಗಿಯೊಬ್ಬಳು ಬಂದು ವಿಷಯ ತಿಳಿಸಿದಳು. ಆ ಹುಡುಗನ ಮನೆಯ ಅಂಗಳದಲ್ಲಿ, ಬೇಯಿಸಿದ ಅಡಿಕೆ ಹರವಿರುವ ಜಾಗಕ್ಕೆ ಮುಖ ಮಾಡಿ, ಬ್ಯಾಟರಿಯಲ್ಲಿ ನಡೆಯುವ ಒಂದು ಕ್ಯಾಮೆರಾ ಇದೆ. ಸಿಮ್ ಹಾಕಿ ಮೊಬೈಲಿನಲ್ಲಿ ನೋಡುವಂಥದ್ದು. ಜೊತೆಗೆ ಅಂಗೈಯಗಲದ ಸೋಲಾರ್ ಪ್ಯಾನೆಲ್. ಅದರ ಉಸ್ತುವಾರಿ ಈ ಹುಡುಗನದು, ಏಕೆಂದರೆ ಮನೆಯಲ್ಲಿ ಆ್ಯಪ್ ನೋಡಲು ಬರುವುದು ಅವನಿಗೆ ಮಾತ್ರ. ಹಿಂದಿನ ವಾರ ಒಂದು ರಾತ್ರಿ ಕ್ಯಾಮೆರಾ ಆರಿಹೋಗಿದೆ. ಅದೇ ರಾತ್ರಿ ಎರಡು ಚೀಲ ಅಡಿಕೆ ಹೋಗಿದೆ. 'ಚಾರ್ಜ್ ಹಾಕು ಅಂದರೆ ಹಾಕಲಿಲ್ಲ, ಈಗ 41 ಇತ್ತು ಅಂತ ಸುಳ್ಳು ಬೇರೆ' ಎಂದು ಅಪ್ಪ ಬೈದಿದ್ದಾರೆ. ವಿಜ್ಞಾನದ ಮಿಸ್ ಹತ್ತಿರ ಕೇಳುತ್ತೇನೆ ಎಂದುಕೊಂಡು ಬಂದವನಿಗೆ ನಾನೂ ಅಪ್ಪ ಹೇಳಿದ್ದನ್ನೇ ಹೇಳಿ ಕೂರಿಸಿದ್ದೆ.

ನನಗೆ ಊಟ ಇಳಿಯಲಿಲ್ಲ. ಸಂಜೆ ಮಾರ್ಗದರ್ಶಕ ಶಿಕ್ಷಕರಿಗೆ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಪ್ರಯೋಗಾಲಯದ ಕಪಾಟಿನಿಂದ ಟಾರ್ಚಿನಲ್ಲಿ ಸತ್ತ ಒಂದು ಸೆಲ್ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದರು. ಗಡಿಯಾರ ಟಿಕ್ ಎಂದಿತು. "ಇದು ಖಾಲಿನೋ, ಖಾಲಿ ಅಲ್ವೋ? ನಾಳೆ ಇದನ್ನೇ ಕೇಳಿ" ಎಂದರು.

ಮರುದಿನದ ಪಾಠಯೋಜನೆಯನ್ನು ಹಾಗೆ ಹೊಸದಾಗಿ ಬರೆದೆ. ತಗುಲಿದ್ದು ಎರಡು ತರಗತಿ ಅವಧಿ, ಒಂದು ಪೂರ್ತಿ ಭಾನುವಾರ, ಮತ್ತು ಆ ಹುಡುಗನ ಮೂರು ದಿನದ ಟಿಪ್ಪಣಿ.

ಪಾಠ ಶುರುಮಾಡಿದ್ದು ಕ್ಷಮೆಯಿಂದ. "ನಿನ್ನೆ ನಾನು ಹೇಳಿದ್ದು ತಪ್ಪಿರಬಹುದು, ಇವನು ನೋಡಿದ್ದು ಸರಿ ಇರಬಹುದು. ಇವತ್ತು ಅಳೆದು ನೋಡೋಣ" ಎಂದೆ. ತರಗತಿಯಲ್ಲಿ ತಪ್ಪು ಒಪ್ಪಿಕೊಂಡರೆ ಶಿಸ್ತು ಕೆಡುತ್ತದೆ ಎಂಬ ಭಯ ನನಗಿತ್ತು. ಅಂದಿನಷ್ಟು ನಿಶ್ಶಬ್ದವಾಗಿ ಆ ತರಗತಿ ಮತ್ತೆಂದೂ ಕೂತಿಲ್ಲ.

ಉಪಕರಣ ಹೆಚ್ಚೇನಿಲ್ಲ. ಒಂದು ಹೊಸ ಎಎ ಸೆಲ್, ಮಾರ್ಗದರ್ಶಕರು ಕೊಟ್ಟ ಹಳೆಯ ಸೆಲ್, ಒಂದು ಟಾರ್ಚ್ ಬಲ್ಬು, ಎರಡು ತುಂಡು ವೈರು, ಒಂದು ಮಲ್ಟಿಮೀಟರ್. ಮೊದಲು ಬಲ್ಬು ಇಲ್ಲದೆ ಸೆಲ್ಲಿನ ಎರಡು ತುದಿಗಳ ವಿಭವಾಂತರ ಅಳೆದೆವು. ಹೊಸದು 1.58 ವೋಲ್ಟ್, ಹಳೆಯದು 1.32 ವೋಲ್ಟ್. ಹುಡುಗರಿಗೆ ಇದರಲ್ಲಿ ಅಚ್ಚರಿ ಕಾಣಲಿಲ್ಲ. 'ಸ್ವಲ್ಪ ಕಡಿಮೆ ಇದೆ ಅಷ್ಟೇ, ಮುಕ್ಕಾಲು ಪಾಲು ಇದ್ದೇ ಇದೆ' ಎಂದರು. ಆಮೇಲೆ ಬಲ್ಬು ಉರಿಯುತ್ತಿರುವಾಗಲೇ ಅಳೆದೆವು. ಹೊಸದು 1.50ಕ್ಕೆ ಇಳಿಯಿತು. ಹಳೆಯದು 0.85ಕ್ಕೆ ಬಿತ್ತು, ಬಲ್ಬಿನ ತಂತಿ ಕೆಂಪಗೆ ಮಿಣುಕಿತು. ಬಲ್ಬು ತೆಗೆದ ಕೂಡಲೇ ಅಂಕಿ ಮೆಲ್ಲಗೆ ಮೇಲೇರತೊಡಗಿತು. ಇಲ್ಲಿ ತರಗತಿ ಎದ್ದು ಮೇಜಿನ ಸುತ್ತ ಬಂತು.

ಇದಕ್ಕೆ ಕಾರಣ ಸೆಲ್ಲಿನ ಒಳಗೇ ಇರುವ ರೋಧ. ಹತ್ತನೇ ತರಗತಿಯ ಪುಸ್ತಕದಲ್ಲಿ ಆಂತರಿಕ ರೋಧದ ಪ್ರಸ್ತಾಪವಿಲ್ಲ, ಅದು ಪಿಯುಸಿಯಲ್ಲಿ ಬರುತ್ತದೆ. ಆದರೆ ಹೆಸರು ಹೇಳದೆಯೂ ಮಕ್ಕಳು ಅಲ್ಲಿಗೆ ಬರಬಲ್ಲರು. 'ವೋಲ್ಟ್‌ಮೀಟರಿಗೆ ಕಾಣದೆ ಹೋದ ಅರ್ಧ ವೋಲ್ಟ್ ಎಲ್ಲಿ ಹೋಯಿತು?' ಎಂದು ಕೇಳಿದೆ. 'ಸೆಲ್ಲೊಳಗೇ ಖರ್ಚಾಯ್ತು' ಎಂದಳು ಮೊದಲ ಬೆಂಚಿನವಳು. ಪ್ರವಾಹ ಹರಿಯುವ ಹಾದಿಯಲ್ಲಿ ಸೆಲ್ಲಿನ ಒಳಭಾಗವೂ ಸೇರಿದೆ, ಅಲ್ಲಿನ ರೋಧಕ್ಕೂ ಓಮ್‌ನ ನಿಯಮ ಅನ್ವಯಿಸುತ್ತದೆ ಎಂಬುದನ್ನು ಅವಳ ಮಾತಿನಿಂದಲೇ ಮುಂದುವರಿಸಿದೆ. ಪ್ರವಾಹ ಎಷ್ಟು ದೊಡ್ಡದೋ, ಒಳಗಿನ ನಷ್ಟವೂ ಅಷ್ಟು ದೊಡ್ಡದು. ಗಡಿಯಾರ ಕೇಳುವುದು ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆ. ಹಾಗಾಗಿ ಅದಕ್ಕೆ ಈ ಸೆಲ್ ಇನ್ನೂ ತಿಂಗಳುಗಟ್ಟಲೆ ಸಾಕು. ಟಾರ್ಚಿಗೆ ಅದು ಸತ್ತದ್ದು. 'ಎಷ್ಟು ಉಳಿದಿದೆ' ಎಂಬ ಪ್ರಶ್ನೆಗೆ ಸೆಲ್ ಒಂದನ್ನೇ ನೋಡಿ ಉತ್ತರ ಕೊಡಲಾಗದು, ಅದರಿಂದ ಯಾರು ಎಷ್ಟು ಕೇಳುತ್ತಾರೆ ಎಂಬುದೂ ಗೊತ್ತಿರಬೇಕು. ಟಿವಿ ರಿಮೋಟಿನಲ್ಲಿ ಕೆಲಸ ಮಾಡದ ಸೆಲ್ಲನ್ನು ಗಡಿಯಾರಕ್ಕೆ ಹಾಕುವ ಅಭ್ಯಾಸ ಎಲ್ಲರ ಮನೆಯಲ್ಲೂ ಇದೆಯಂತೆ. ಅಜ್ಜಿಯರಿಗೆ ಗೊತ್ತಿದ್ದ ವಿಷಯ ನನ್ನ ಪಾಠಯೋಜನೆಗೆ ಗೊತ್ತಿರಲಿಲ್ಲ.

ಕ್ಯಾಮೆರಾದಲ್ಲಿ ಇರುವುದು ಟಾರ್ಚ್ ಸೆಲ್ ಅಲ್ಲ, ಲಿಥಿಯಂ-ಅಯಾನ್ ಸೆಲ್. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ, 18650 ಎಂದು ಕರೆಯುವ ಸಿಲಿಂಡರ್ ಸೆಲ್ಲುಗಳು ಇಂಥ ಕ್ಯಾಮೆರಾಗಳಲ್ಲಿ ಸಾಮಾನ್ಯ. ಪೂರ್ತಿ ತುಂಬಿದಾಗ 4.2 ವೋಲ್ಟ್, ಖಾಲಿ ಎನ್ನುವ ಹೊತ್ತಿಗೆ 3 ವೋಲ್ಟಿನ ಆಸುಪಾಸು. 'ಹಾಗಿದ್ದರೆ 4.2ರಿಂದ 3ರವರೆಗೆ ನೂರು ಸಮಭಾಗ ಮಾಡಿದರೆ ಶೇಕಡಾ ಸಿಕ್ಕಿತಲ್ಲ?' ಇದು ನನಗೇ ಮೊದಲು ಹೊಳೆದ ಪ್ರಶ್ನೆ. ಅದಕ್ಕೆ ಭಾನುವಾರದ ಪ್ರಯೋಗ.

ಹಾಸ್ಟೆಲಿನಲ್ಲಿ, 2600 ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದ ಹೊಸ ಸೆಲ್ಲೊಂದನ್ನು ಪೂರ್ತಿ ಚಾರ್ಜ್ ಮಾಡಿ, ಹೋಲ್ಡರಿನಲ್ಲಿ ಕೂರಿಸಿ, 10 ಓಮ್‌ನ ಬಿಳಿ ಸಿಮೆಂಟ್ ರೆಸಿಸ್ಟರಿಗೆ ಜೋಡಿಸಿದೆ. ಗಂಟೆಗೊಮ್ಮೆ ವಿಭವಾಂತರ ಬರೆದುಕೊಂಡೆ.

ಆರಂಭದಲ್ಲಿ: 4.10 ವೋಲ್ಟ್
1 ಗಂಟೆ: 3.96
2 ಗಂಟೆ: 3.84
3 ಗಂಟೆ: 3.74
4 ಗಂಟೆ: 3.65
5 ಗಂಟೆ: 3.56
6 ಗಂಟೆ: 3.42
6 ಗಂಟೆ 30 ನಿಮಿಷ: 3.25
6 ಗಂಟೆ 50 ನಿಮಿಷ: 3.00 (ಇಲ್ಲಿಗೆ ಬಿಡಿಸಿದೆ)

ಇದನ್ನು ಮಕ್ಕಳಿಂದ ಗ್ರಾಫ್ ಹಾಳೆಯಲ್ಲಿ ಹಾಕಿಸಿದೆ. ಸರಳರೇಖೆ ಬರಲಿಲ್ಲ. ಮೊದಲು ಒಂದಿಷ್ಟು ಇಳಿಜಾರು, ನಡುವೆ ಗದ್ದೆಬಯಲಿನಂತೆ ಸಪಾಟು, ಕೊನೆಯ ಮುಕ್ಕಾಲು ಗಂಟೆಯಲ್ಲಿ ಗುಡ್ಡದಂಚಿನಿಂದ ಕೆಳಗೆ. ಒಬ್ಬ ಅದನ್ನು ಘಾಟಿ ರಸ್ತೆ ಎಂದ. ಇರಲಿ, ಅದೂ ಸರಿಯೇ. ಸಮಭಾಗ ಮಾಡುವ ಲೆಕ್ಕ ಇಲ್ಲಿಗೇ ಬಿತ್ತು. ಹಾಗೆ ಮಾಡಿದ್ದರೆ 3.6 ವೋಲ್ಟಿಗೆ ಅರ್ಧ ಉಳಿದಿದೆ ಎನ್ನಬೇಕಿತ್ತು, ನನ್ನ ಸೆಲ್ಲಿನಲ್ಲಿ ಆ ಹೊತ್ತಿಗೆ ಮೂರನೆಯ ಒಂದು ಭಾಗವಷ್ಟೇ ಉಳಿದಿತ್ತು. ಕ್ಯಾಮೆರಾ ತಯಾರಿಸುವವರಿಗೂ ಇದು ಗೊತ್ತು. ಆದ್ದರಿಂದ ಸೆಲ್ಲಿನ ಈ ಡೊಂಕು ರೇಖೆಯನ್ನೇ ಒಂದು ಕೋಷ್ಟಕವಾಗಿ ಯಂತ್ರದೊಳಗೆ ಇಟ್ಟಿರುತ್ತಾರೆ. ವೋಲ್ಟೇಜ್ ಅಳೆ, ಕೋಷ್ಟಕದಲ್ಲಿ ಹುಡುಕು, ಶೇಕಡಾ ತೋರಿಸು. ಅಗ್ಗದ ವಿಧಾನ ಇದು.

ಆದರೆ ಸಪಾಟಾದ ನಡುಭಾಗವನ್ನು ಗಮನಿಸಿ. ಎರಡನೇ ಗಂಟೆಯಿಂದ ಐದನೇ ಗಂಟೆಯವರೆಗೆ ಇಳಿದದ್ದು ಬರೀ 0.28 ವೋಲ್ಟ್. ಆ ಮೂರು ಗಂಟೆಯಲ್ಲಿ ಸೆಲ್ಲಿನಿಂದ ಹೋದದ್ದು ಒಟ್ಟು ಆವೇಶದ ಸುಮಾರು ಶೇಕಡಾ 44. ಅಂದರೆ ಇಲ್ಲಿ ಒಂದು ವೋಲ್ಟಿನ ನೂರನೇ ಒಂದು ಭಾಗ ತಪ್ಪಿದರೆ ಶೇಕಡಾ ಒಂದೂವರೆಗಿಂತ ಹೆಚ್ಚು ತಪ್ಪುತ್ತದೆ.

ಈಗ ಬಲ್ಬಿನ ಪ್ರಯೋಗವನ್ನು ಇದರ ಜೊತೆ ಸೇರಿಸಬೇಕು. ಈ ಎರಡನೇ ಅವಧಿಯ ಜೀವಾಳ ಇದೇ ಲೆಕ್ಕ, ಕಪ್ಪುಹಲಗೆಯ ಮೇಲೆ ಮಕ್ಕಳೇ ಮಾಡಿದ್ದು. ಕ್ಯಾಮೆರಾ ದಿನದ ಬಹುಪಾಲು ಮಲಗಿರುತ್ತದೆ. ಪಿಐಆರ್ ಎಂಬ ಪುಟ್ಟ ಸಂವೇದಕ ಮಾತ್ರ ಎಚ್ಚರ. ಶಾಖವಿರುವ ದೇಹ ಎದುರಿಗೆ ಅಲುಗಾಡಿದರೆ ಅದು ಉಳಿದದ್ದನ್ನೆಲ್ಲ ಎಬ್ಬಿಸುತ್ತದೆ. ರಾತ್ರಿಯಾದರೆ ಅವಕೆಂಪು ದೀಪಗಳು ಹೊತ್ತಿಕೊಳ್ಳುತ್ತವೆ, ಚಿತ್ರೀಕರಣ ಶುರುವಾಗುತ್ತದೆ, ರೇಡಿಯೋ ಭಾಗ ವಿಡಿಯೋ ಕಳಿಸುತ್ತದೆ. ಸಿಗ್ನಲ್ ಕಡಿಮೆ ಇರುವ ಕಡೆ ರೇಡಿಯೋ ಹೆಚ್ಚು ಶಕ್ತಿ ಬಳಸಿ ಹೆಚ್ಚು ಹೊತ್ತು ಕೂಗಬೇಕಾಗುತ್ತದೆ. ನಮ್ಮ ಕಡೆ ಫೋನು ಹಿಡಿದು ಗುಡ್ಡ ಹತ್ತುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಎಚ್ಚರಾದಾಗ 0.8 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಸೆಲ್ಲಿನ ಒಳರೋಧ 0.1 ಓಮ್ ಇದ್ದರೆ 0.08 ವೋಲ್ಟ್ ಕುಸಿತ. ಸಪಾಟು ಭಾಗದಲ್ಲಿ ಅದು ಸುಮಾರು ಶೇಕಡಾ 12ಕ್ಕೆ ಸಮ. ಕ್ಯಾಮೆರಾ ಕೆಲಸ ಮಾಡುತ್ತಿರುವಾಗ ಅಳೆದರೆ ಒಂದು ಉತ್ತರ, ಮಲಗಿರುವಾಗ ಅಳೆದರೆ ಇನ್ನೊಂದು.

ಸೆಲ್ ಹಳತಾದಂತೆ ಒಳರೋಧ ಏರುತ್ತದೆ. ಚಳಿಯಲ್ಲಿಯೂ ಏರುತ್ತದೆ, ಏಕೆಂದರೆ ಒಳಗಿನ ರಾಸಾಯನಿಕ ಕ್ರಿಯೆ ಮತ್ತು ಅಯಾನುಗಳ ಚಲನೆ ನಿಧಾನವಾಗುತ್ತದೆ. ಹಳೆಯ ಸೆಲ್, ಚಳಿಯ ರಾತ್ರಿ, ಒಳರೋಧ 0.4 ಓಮ್ ಎಂದು ಹಾಕಿ ಅದೇ ಲೆಕ್ಕ ಮಾಡಿಸಿದೆ. 0.8 ಗುಣಿಲೆ 0.4, ಅಂದರೆ 0.32 ವೋಲ್ಟ್. ಮಲಗಿದ್ದಾಗ 3.70 ವೋಲ್ಟ್ ತೋರಿಸುವ ಸೆಲ್, ಕೆಲಸಕ್ಕೆ ಎಬ್ಬಿಸಿದ ಕ್ಷಣ 3.38ಕ್ಕೆ ಬೀಳುತ್ತದೆ. ಕ್ಯಾಮೆರಾದ ಮಂಡಲ 3.4 ವೋಲ್ಟಿಗಿಂತ ಕೆಳಗೆ ತನ್ನನ್ನು ತಾನೇ ಆರಿಸಿಕೊಳ್ಳುವಂತೆ ರಚನೆಯಾಗಿದ್ದರೆ?

"ಆಫ್ ಆಗತ್ತೆ" ಎಂದು ನಾಲ್ಕೈದು ದನಿಗಳು.

"3.70 ಅಂದರೆ ನಮ್ಮ ಗ್ರಾಫಿನಲ್ಲಿ ಎಷ್ಟು ಪರ್ಸೆಂಟ್?"

ಗ್ರಾಫಿನ ಮೇಲೆ ಬೆರಳಿಟ್ಟು ಎಣಿಸಿದರು. ನಲವತ್ತೆಂಟು ಎಂದವರು ಕೆಲವರು, ಐವತ್ತು ಎಂದವರು ಕೆಲವರು. ನನ್ನ ಗ್ರಾಫು ರೆಸಿಸ್ಟರ್ ಜೋಡಿಸಿಯೇ ಅಳೆದದ್ದು. ಏನೂ ಜೋಡಿಸದೆ ಅಳೆದಿದ್ದರೆ ಪ್ರತಿಯೊಂದು ಅಂಕಿಯೂ ಸ್ವಲ್ಪ ಮೇಲಿರುತ್ತಿತ್ತು, 3.70ಕ್ಕೆ ಸಿಗುವ ಶೇಕಡಾ ಇನ್ನೂ ಕಡಿಮೆಯಾಗುತ್ತಿತ್ತು ಎಂದು ಹೇಳಿದೆ. ನಲವತ್ತರ ಆಸುಪಾಸು. ಮೂರನೇ ಬೆಂಚಿನ ಹುಡುಗ ಏನೂ ಹೇಳಲಿಲ್ಲ. ಪಕ್ಕದವನು ಅವನ ಬೆನ್ನಿಗೊಂದು ಗುದ್ದಿದ.

ಇಲ್ಲಿ ಒಬ್ಬಳು ಒಳ್ಳೆಯ ಪ್ರಶ್ನೆ ಕೇಳಿದಳು. "ಮಿಸ್, ಟ್ಯಾಂಕಲ್ಲಿ ಎಷ್ಟಿದೆ ಅಂತ ನೋಡೋ ಬದ್ಲು, ಎಷ್ಟು ಹೊರಗೆ ಹೋಯ್ತು ಅಂತ ಲೆಕ್ಕ ಇಟ್ರೆ ಆಗಲ್ವಾ?" ನಾನು ಯೋಜನೆಯಲ್ಲಿ ಮುಂದೆ ಇಟ್ಟಿದ್ದ ಅಂಶವನ್ನು ಅವಳೇ ಎಳೆದು ತಂದಳು. ಎರಡನೇ ವಿಧಾನ ಅದೇ. ಪ್ರವಾಹವನ್ನು ಕಾಲದಿಂದ ಗುಣಿಸಿದರೆ ಆವೇಶ. ಪಾಠದ ಮೊದಲ ಪುಟದ ಸೂತ್ರ. ನನ್ನ ಭಾನುವಾರದ ಸೆಲ್ಲಿನಿಂದ ಸರಾಸರಿ 0.37 ಆಂಪಿಯರ್ 6 ಗಂಟೆ 50 ನಿಮಿಷ ಹರಿದಿತ್ತು. ಮಕ್ಕಳು ಲೆಕ್ಕ ಮಾಡಿದರು: ಸುಮಾರು 2500 ಮಿಲಿಆಂಪಿಯರ್-ಗಂಟೆ, ಕೂಲಮ್‌ನಲ್ಲಿ ಹೇಳುವುದಾದರೆ 9000. ಮಿಲಿಆಂಪಿಯರ್-ಗಂಟೆ ಎಂದು ಮೊಬೈಲ್ ಡಬ್ಬಿಯ ಮೇಲೆ ಬರೆದಿರುವುದು ಕೂಲಮ್‌ನದೇ ಇನ್ನೊಂದು ಹೆಸರು ಎಂದು ತಿಳಿದು ಅವರಿಗೆ ಖುಷಿಯಾಯಿತು. ಘಟಕ ಪರೀಕ್ಷೆಯಲ್ಲಿ 1 ಮಿಲಿಆಂಪಿಯರ್-ಗಂಟೆ ಎಂದರೆ 3.6 ಕೂಲಮ್ ಎಂಬ ಲೆಕ್ಕವನ್ನು ಹೆಚ್ಚಿನವರು ಸರಿಯಾಗಿ ಬರೆದರು.

ಉಪಕರಣಗಳ ಒಳಗೆ ಈ ಎಣಿಕೆಗೆಂದೇ ಒಂದು ಚಿಪ್ ಇರುತ್ತದೆ. ಫ್ಯೂಯಲ್ ಗೇಜ್, ಅಂದರೆ ಬೈಕಿನ ಪೆಟ್ರೋಲ್ ಮುಳ್ಳಿನ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ. ಪ್ರವಾಹದ ಹಾದಿಯಲ್ಲಿ ಬಹಳ ಸಣ್ಣ ರೋಧವೊಂದನ್ನು ಇಟ್ಟು, ಅದರ ಮೇಲಿನ ವಿಭವಾಂತರವನ್ನು ಅಳೆದು ಪ್ರವಾಹ ಕಂಡುಹಿಡಿಯುತ್ತದೆ. ಮತ್ತೆ ಓಮ್‌ನ ನಿಯಮವೇ. 0.01 ಓಮ್‌ನ ರೋಧ ಇಟ್ಟರೆ, 0.8 ಆಂಪಿಯರ್ ಹರಿಯುವಾಗ 8 ಮಿಲಿವೋಲ್ಟ್ ಸಿಗುತ್ತದೆ, ಅಳೆಯಬಹುದು. ಮಲಗಿದ ಕ್ಯಾಮೆರಾ 0.3 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ಸಿಗುವುದು ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಮೂರು ಭಾಗ. ಅಳತೆಯ ಸಹಜ ದೋಷದಲ್ಲೇ ಅದು ಮುಳುಗಿಹೋಗಬಹುದು. ಆದರೆ ಕ್ಯಾಮೆರಾ ದಿನಕ್ಕೆ 23 ಗಂಟೆ ಮಲಗಿಯೇ ಇರುತ್ತದೆ. 0.3 ಮಿಲಿಆಂಪಿಯರ್ ದಿನಕ್ಕೆ 7 ಮಿಲಿಆಂಪಿಯರ್-ಗಂಟೆ, ಎರಡು ತಿಂಗಳಿಗೆ 400ಕ್ಕೂ ಹೆಚ್ಚು. ಇದನ್ನು ವಿವರಿಸಲು ಬ್ಯಾಂಕಿನ ಪಾಸ್‌ಬುಕ್ಕಿನ ಹೋಲಿಕೆ ಕೊಟ್ಟೆ. ದೊಡ್ಡ ಖರ್ಚನ್ನೆಲ್ಲ ಬರೆದಿಟ್ಟರೂ, ಬ್ಯಾಂಕಿನವರು ಎಸ್‌ಎಂಎಸ್ ಶುಲ್ಕ ಎಂದು ಆಗಾಗ ಕತ್ತರಿಸಿದ್ದನ್ನು ಬರೆಯದಿದ್ದರೆ ವರ್ಷದ ಕೊನೆಗೆ ಲೆಕ್ಕ ಹೊಂದುವುದಿಲ್ಲ. ಟ್ಯಾಂಕಿಗಿಂತ ಈ ಹೋಲಿಕೆ ಹೆಚ್ಚು ದೂರ ನಡೆಯಿತು.

ಎಣಿಕೆಯ ಇನ್ನೊಂದು ತೊಡಕು ಎಂದರೆ, ಎಲ್ಲಿಂದ ಎಣಿಸಲು ಶುರುಮಾಡಿದೆವು ಎಂಬುದು ಗೊತ್ತಿರಬೇಕು. ಮೊಬೈಲನ್ನು ನಾವು ದಿನವೂ ನೂರಕ್ಕೆ ತುಂಬಿಸುತ್ತೇವೆ, ಹಾಗಾಗಿ ಅದರ ಲೆಕ್ಕ ದಿನವೂ ಹೊಸದಾಗಿ ಸರಿಹೋಗುತ್ತದೆ. ಅಡಿಕೆ ಮರದ ನೆರಳಿನಲ್ಲಿ ಅರೆಬರೆ ಬಿಸಿಲು ಕಾಣುವ ಸೋಲಾರ್ ಕ್ಯಾಮೆರಾ ತಿಂಗಳುಗಟ್ಟಲೆ ನೂರನ್ನೂ ಮುಟ್ಟುವುದಿಲ್ಲ, ಸೊನ್ನೆಯನ್ನೂ ಮುಟ್ಟುವುದಿಲ್ಲ. ಸಣ್ಣ ತಪ್ಪುಗಳು ಸೇರುತ್ತಲೇ ಹೋಗುತ್ತವೆ. ಅದಲ್ಲದೆ ಟ್ಯಾಂಕೇ ಕುಗ್ಗುತ್ತಿರುತ್ತದೆ: 2600 ಎಂದು ಬರೆದ ಸೆಲ್ ಕೆಲವು ವರ್ಷದಲ್ಲಿ 2000ಕ್ಕೆ ಇಳಿದಿರಬಹುದು, ಯಂತ್ರ ಹಳೆಯ ಅಂಕಿಯಿಂದಲೇ ಭಾಗಿಸುತ್ತಿರಬಹುದು. ಒಳ್ಳೆಯ ಚಿಪ್ಪುಗಳು ಎರಡೂ ವಿಧಾನ ಬಳಸುತ್ತವೆ. ಕೆಲಸದ ಹೊತ್ತಿನಲ್ಲಿ ಎಣಿಸುತ್ತವೆ, ಬಹಳ ಹೊತ್ತು ವಿಶ್ರಾಂತಿಯಲ್ಲಿರುವಾಗ ವೋಲ್ಟೇಜ್ ನೋಡಿ ಎಣಿಕೆಯನ್ನು ತಿದ್ದಿಕೊಳ್ಳುತ್ತವೆ, ಉಷ್ಣತೆಯನ್ನೂ ಒಳರೋಧವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಇನ್ನು ಕೆಲವು ಕ್ಯಾಮೆರಾಗಳು, ರೀಚಾರ್ಜ್ ಆಗದ ಎರಡು ಎಎ ಲಿಥಿಯಂ ಸೆಲ್ ಹಾಕುವಂಥವು, ಶೇಕಡಾವನ್ನೇ ತೋರಿಸುವುದಿಲ್ಲ. 'ಸರಿಯಿದೆ' ಅಥವಾ 'ಬದಲಿಸಿ', ಇಷ್ಟೇ. ಆ ಸೆಲ್ಲುಗಳ ವೋಲ್ಟೇಜ್ ಕೊನೆಯವರೆಗೂ 1.5ರ ಹತ್ತಿರವೇ ನಿಂತು ಆಮೇಲೆ ಒಮ್ಮೆಲೇ ಬೀಳುತ್ತದೆ, ನಡುವೆ ಊಹಿಸಲು ಹಿಡಿತವೇ ಸಿಗುವುದಿಲ್ಲ. ಗೊತ್ತಿಲ್ಲದ ಸಂಖ್ಯೆಯನ್ನು ಹೇಳದೆ ಇರುವುದು ನನಗೆ ಹೆಚ್ಚು ಪ್ರಾಮಾಣಿಕ ಎನಿಸಿತು. ನಾನು ಮೊದಲ ದಿನ ಹಾಗೆ ಮಾಡಲಿಲ್ಲ, ಅದು ಬೇರೆ ಮಾತು.

ಇಷ್ಟಾದರೂ ಹುಡುಗನ ಕ್ಯಾಮೆರಾ ಯಾವ ವಿಧಾನ ಬಳಸುತ್ತದೆ ಎಂಬುದು ಬಾಕಿ ಇತ್ತು. ಕ್ಯಾಮೆರಾ ಬಿಚ್ಚುವ ಹಾಗಿಲ್ಲ. 'ಬಿಚ್ಚದೇ ಕಂಡುಹಿಡಿಯುವುದು ಹೇಗೆ?' ಎಂದು ಅವನಿಗೇ ಕೇಳಿದೆ. ಒಂದು ನೋಟ್‌ಪುಸ್ತಕದಲ್ಲಿ ಸಂಜೆ 6, ಬೆಳಿಗ್ಗೆ 6, ಮಧ್ಯಾಹ್ನ 12ಕ್ಕೆ ಆ್ಯಪ್ ತೋರಿಸುವ ಶೇಕಡಾ ಬರೆಯಬೇಕೆಂದು ನಿರ್ಧಾರವಾಯಿತು. ಶಾಲೆಯಲ್ಲಿರುವಾಗ ಮಧ್ಯಾಹ್ನದ್ದನ್ನು ಅವನ ಅಜ್ಜಿ ಫೋನಿನಲ್ಲಿ ನೋಡಿ ಸುಣ್ಣದ ಕಡ್ಡಿಯಲ್ಲಿ ಗೋಡೆಗೆ ಬರೆದರಂತೆ. ಆ್ಯಪ್ ತೆರೆಯುವುದನ್ನು ಅವನೇ ಕಲಿಸಿದ್ದ.

ನಾಲ್ಕನೇ ದಿನ ಅವನು ತಂದ ಪುಟ ಹೀಗಿತ್ತು. ಮೊದಲ ದಿನ ಸಂಜೆ 78, ಬೆಳಿಗ್ಗೆ 66, ಮಧ್ಯಾಹ್ನ 72. ಎರಡನೇ ದಿನ ಸಂಜೆ 69, ಬೆಳಿಗ್ಗೆ 57, ಮಧ್ಯಾಹ್ನ 63. ಮೂರನೇ ದಿನ 59, 46, 53.

ಮೂರೂ ದಿನ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಸಂಖ್ಯೆ ಏರಿದೆ. ಮೊದಲ ಬೆಂಚಿನವಳು ಕೂಡಲೇ ಹಿಡಿದಳು. "ಬಿಸಿಲು ಬಿದ್ದು ಚಾರ್ಜ್ ಆಗಿರತ್ತೆ." ಹುಡುಗ ಮಾತಾಡದೆ ಚೀಲದಿಂದ ಸುತ್ತಿಟ್ಟ ಕಪ್ಪು ವೈರೊಂದನ್ನು ತೆಗೆದು ಬೆಂಚಿನ ಮೇಲಿಟ್ಟ. ಸೋಲಾರ್ ಪ್ಯಾನೆಲಿನ ವೈರು. ಮೊದಲ ದಿನವೇ ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದ. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ. ನಿಯಂತ್ರಿತ ಪ್ರಯೋಗ ಎಂಬ ಪದವನ್ನು ಪಾಠಯೋಜನೆಯಲ್ಲಿ ಎಷ್ಟು ಸಲ ಬರೆದಿದ್ದೇನೋ, ಅದನ್ನು ಕಣ್ಣಾರೆ ಕಂಡದ್ದು ಆ ದಿನ.

ಚಾರ್ಜ್ ಆಗದೆ ಶೇಕಡಾ ಏರಿತು ಎಂದ ಮೇಲೆ ಆ ಸಂಖ್ಯೆ ಹೊರಹೋದ ಆವೇಶದ ಎಣಿಕೆಯಾಗಿರಲಾರದು. ಹೋದ ನೀರು ತಾನಾಗಿ ಟ್ಯಾಂಕಿಗೆ ವಾಪಸು ಬರುವುದಿಲ್ಲ. ಅದು ವೋಲ್ಟೇಜ್ ನೋಡಿ ಹೇಳುತ್ತಿರುವ ಅಂದಾಜು. ರಾತ್ರಿಯಿಡೀ ಅವಕೆಂಪು ದೀಪ ಉರಿಸಿ, ವಿಡಿಯೋ ಕಳಿಸಿ ದಣಿದ ಸೆಲ್ ಬೆಳಗಿನ ಚಳಿಯಲ್ಲಿ ಕಡಿಮೆ ವೋಲ್ಟ್ ತೋರಿಸಿದೆ, ಬಿಡುವು ಸಿಕ್ಕು ಬೆಚ್ಚಗಾದ ಮೇಲೆ ಚೇತರಿಸಿಕೊಂಡಿದೆ. ಬಲ್ಬು ತೆಗೆದಾಗ ಮಲ್ಟಿಮೀಟರಿನಲ್ಲಿ ಅಂಕಿ ಮೇಲೇರಿದ್ದನ್ನು ಎಲ್ಲರೂ ನೋಡಿದ್ದರು. ಅಂದು ರಾತ್ರಿ ಅವನು ಮಲಗುವ ಮೊದಲು ನೋಡಿದ 41 ಆರಾಮವಾಗಿ ಕೂತ ಸೆಲ್ಲಿನ 41. ಆ ವಾರ ಅಂಗಳದಲ್ಲಿ ಕಾಡುಹಂದಿ ಮತ್ತು ನಾಯಿಗಳ ಓಡಾಟ ಹೆಚ್ಚಿತ್ತಂತೆ, ಆ್ಯಪಿನಲ್ಲಿ ರಾತ್ರಿಯಿಡೀ ತುಣುಕು ವಿಡಿಯೋಗಳ ಸಾಲೇ ಇತ್ತು. ಕೊನೆಯದು 2 ಗಂಟೆ 10 ನಿಮಿಷದ್ದು. ಮೂರು ವರ್ಷ ಹಳೆಯ ಸೆಲ್, ಡಿಸೆಂಬರ್ ತಿಂಗಳು, ಪದೇಪದೇ ಏಳುವ ಕ್ಯಾಮೆರಾ. ಹುಡುಗ ಸುಳ್ಳು ಹೇಳಿರಲಿಲ್ಲ.

ಈ ಪಾಠ ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು. ಟಾರ್ಚ್ ಸೆಲ್ಲಿನ ಪ್ರಯೋಗವನ್ನು ಮಕ್ಕಳ ಕೈಗೆ ಕೊಡಿ, ಲಿಥಿಯಂ ಸೆಲ್ಲನ್ನು ಕೊಡಬೇಡಿ. ಅದರ ಎರಡು ತುದಿ ವೈರಿನಿಂದ ನೇರ ಕೂಡಿಕೊಂಡರೆ ಬೆಂಕಿ ಹೊತ್ತಿಕೊಳ್ಳಬಹುದು. ಉಬ್ಬಿದ ಅಥವಾ ಹಳೆಯ ಪವರ್ ಬ್ಯಾಂಕಿನಿಂದ ಕಿತ್ತ ಸೆಲ್ ಬಳಸಬೇಡಿ, 3 ವೋಲ್ಟಿಗಿಂತ ಕೆಳಗೆ ಇಳಿಸಬೇಡಿ. ರೆಸಿಸ್ಟರ್ ಕನಿಷ್ಠ 5 ವಾಟಿನದಿರಲಿ, ಆದರೂ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ನನ್ನ ಬೆರಳು ಸಾಕ್ಷಿ. ಅಂಕಿಗಳನ್ನು ನೀವೇ ಬರೆದು ತಂದು ಗ್ರಾಫನ್ನು ಮಾತ್ರ ತರಗತಿಯಲ್ಲಿ ಹಾಕಿಸಿದರೆ ಸಾಕು. ನೀರಿನ ಟ್ಯಾಂಕನ್ನು ಕೈಬಿಡಬೇಕಾಗಿಲ್ಲ, ವಿಭವಾಂತರ ಎಂದರೇನು ಎನ್ನುವಷ್ಟಕ್ಕೆ ಅದು ಚೆನ್ನಾಗಿಯೇ ಇದೆ. ಉಳಿದ ಚಾರ್ಜಿನ ವಿಷಯಕ್ಕೆ ಬಂದಾಗ ಅದನ್ನು ಅಲ್ಲಿಗೇ ನಿಲ್ಲಿಸಿ.

ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಷರಾದಲ್ಲಿ ಎರಡು ದೋಷ ಬರೆದರು. ಎರಡನೇ ಅವಧಿ 40 ನಿಮಿಷ ಮೀರಿತು, ಮತ್ತು ಪುಸ್ತಕದಲ್ಲಿಲ್ಲದ ಆಂತರಿಕ ರೋಧಕ್ಕೆ ಹೆಚ್ಚು ಸಮಯ ಹೋಗಿ ಸರಣಿ-ಸಮಾಂತರ ಜೋಡಣೆ ಹಿಂದೆ ಬಿತ್ತು. ಎರಡೂ ನಿಜ. ಆ ಭಾಗವನ್ನು ಶನಿವಾರ ಬೆಳಗಿನ ಅವಧಿಯಲ್ಲಿ ಮುಗಿಸಿದೆ.

ಹುಡುಗ ನೋಟ್‌ಪುಸ್ತಕವನ್ನೂ ಗ್ರಾಫನ್ನೂ ಮನೆಗೆ ಒಯ್ದ. ಅಪ್ಪ ಏನೆಂದರು ಎಂದು ಸೋಮವಾರ ಕೇಳಿದೆ. "ಜಾಸ್ತಿ ಏನೂ ಹೇಳಲಿಲ್ಲ ಮಿಸ್. ಗ್ರಾಫ್ ತುಂಬ ಹೊತ್ತು ನೋಡಿದ್ರು. ಆಮೇಲೆ, ಹಾಗಾದ್ರೆ ಅರವತ್ತಕ್ಕೇ ಚಾರ್ಜ್ ಹಾಕ್ಬೇಕು ಅನ್ನು, ಅಂದ್ರು. ಪ್ಯಾನೆಲ್ನ ಮಾಡಿನ ಮೇಲೆ ಬಿಸಿಲು ಬೀಳೋ ಕಡೆ ಹಾಕಿದ್ವಿ."

ವೈರನ್ನು ವಾಪಸು ಜೋಡಿಸಿದ್ದೀಯಾ ಎಂದು ಕೇಳಿದೆ. ನಾಲಿಗೆ ಕಚ್ಚಿಕೊಂಡ. ಅದು ಇನ್ನೂ ಚೀಲದಲ್ಲೇ ಇತ್ತು.